ಬಿರಡಿ ತಿರುವಿದ ಮ್ಯಾಲ

ಬೆಟಗೇರಿಯೊಳಗ ಕರೆಂಟ್ ಹೋತಂದ್ರ
ಮೊದಲ ಕೇಳಸೋದು ನಮ್ಮ ಕಿವಿ ನಮಗ.
ಓಣಿ ಮಗ್ಗ ಎಲ್ಲಾ ಒಮ್ಮೆಲೆ ಬಾಯಿ ಮುಚ್ಚತಾವ,
ಲಾಳಿ ಅರ್ಧ ದಾರ್ಯಾಗ ನಿಂದರತೈತಿ,
ಯಾರೋ ಕೆಮ್ಮತಾರ, ಯಾರದೋ ಕುಕ್ಕರಿನ ಮೂರನೇ ಸೀಟಿ.

ಅವತ್ತು ಹಂಗ ಕತ್ತಲಾದಾಗ
ಗಿಟಾರ ತೊಡಿ ಮ್ಯಾಲ ಇಟಗೊಂಡು ಕುಂತಿದ್ದೆ.
ಇಪ್ಪತ್ತೆರಡು ವರ್ಷದಿಂದ ಅದ ಶ್ರುತಿ,
ಇ ಎ ಡಿ ಜಿ ಬಿ ಇ,
ಮಿಶನ್ ಸಾಲ್ಯಾಗ ಪ್ರಭುದಾಸ ಮಾಸ್ತರು
ಬೆತ್ತ ಟೇಬಲ್ಲಿಗೆ ಬಡದು ಕಲಿಸಿದ್ದು.
ಸಿ, ಜಿ, ಎ ಮೈನರು, ಎಫ್ಫು:
ಈ ನಾಕ ಕಂಬದ ಮ್ಯಾಲ ಎಷ್ಟ ಹಂದರ ಹಾಕೇನಿ!
ನರಗುಂದದ ಮದಿವಿ, ಮುಂಡರಗಿ ಗಣಪ್ಪ,
ಲಕ್ಷ್ಮೇಶ್ವರದಾಗ ಸೊಸೈಟಿ ಚೇರ್ಮನ್ನರ ಅರವತ್ತು.
ಕೈ ತಾನ ಹೋಗಿ ತಾನ ಬರತಿತ್ತು
ಓಣಿ ಗೊತ್ತಿದ್ದ ಎಮ್ಮಿ ಹಂಗ.
ನಡುವ ನಾ ನಿದ್ದಿ ಮಾಡಿದರೂ ನಡೀತಿತ್ತು.

ಮಾಡೀನಿ ಸುದ್ದ.

ಅವತ್ತ ಯಾಕೋ ದಪ್ಪ ತಂತಿ ಬಿರಡಿ ತಿರುವಿದೆ.
ಇ ಇಳಿದು ಡಿ ಆತು.
ಊಟಾ ಮುಗಿಸಿ ಉಡದಾರ ಸಡಲಿಸಿದ ಗೌಡರ ಹಂಗ
ಆ ತಂತಿ ಒಂದು ಉಸರ ಬಿಟ್ಟಿತು.
ಕಡೀ ಸಣ್ಣದನ್ನೂ ಇಳಿಸಿದೆ, ಅದರ ಮಗ್ಗಲದ್ದೂ.
ಬಿಗಿದದ್ದು ಮೂರು, ಬಿಟ್ಟದ್ದು ಮೂರು.
ಏನೂ ಒತ್ತದ ಬರೇ ಬಲಗೈ ಎಳೆದೆ:
ಸ ಪ ಸ, ಮ ಪ ಸ.
ಧಾರವಾಡದಾಗ ಅತ್ತಿ ಮನಿ ಮಾಳಿಗಿ ಮ್ಯಾಲ
ಬಾಡಗಿ ಇದ್ದ ಹಾಡಿನ ಅಕ್ಕೋರು
ಬೆಳಿಗ್ಗೆ ಐದಕ್ಕ ತಂಬೂರಿ ಮೀಟೂವಾಗ
ನಾ ಸಿಟ್ಟಿಲೆ ಕೌದಿ ಮುಸುಕು ಎಳಕೊಂತಿದ್ದೆ.
ಆ ಸಪ್ಪಳ ಮೂವತ್ತು ವರ್ಷ ನಡಕೊಂತ ಬಂದು
ಈಗ ನನ್ನ ಮನಿ ಹುಡುಕಿತ್ತು.

ಸಂತೋಷ ಅಷ್ಟಕ್ಕ ಮುಗೀತು.
ಸಿ ಹಿಡದೆ: ಮೆಟ್ಟಲ ಮ್ಯಾಲ ತಗಡಿನ ಡಬ್ಬಿ ಉರುಳಿತು.
ಎಫ್ಫು ಹಿಡದೆ: ನಳದ ಮುಂದ ಕೊಡದ ಜಗಳ.
ಬೆರಳು ತಮ್ಮ ಹಳೇ ಮನಿಗೆ ಹೋಗಿ ಬಾಗಿಲಾ ಬಡದ್ವು,
ಒಳಗ ಬ್ಯಾರೆ ಯಾರೋ ಸಂಸಾರ ಹೂಡಿದ್ದರು.

ಗೋಡಿ ಆಚೆ ಗೌರವ್ವ, ಹಾಸು ಕೆಚ್ಚಾಕಿ,
ಬೂದಿ ಹಚ್ಚಿದ ಬೆರಳಿಲೆ
ಹಳೇ ಎಳಿಗೆ ಹೊಸ ಎಳಿ ಹೊಸೆದು
ದಿನಕ್ಕ ಎರಡು ಸಾವಿರ ಕೂಡಸಾಕಿ,
ಮೊಬೈಲ ಬ್ಯಾಟರಿ ಹಚಗೊಂಡು ಬಾಗಿಲಿಗೆ ಬಂದಳು.
“ಯೋಹಾನಾ, ಗದಗಿಗೆ ಒಯ್ದು ರಿಪೇರಿ ಮಾಡಿಸಬಾರದೇನು?”
“ಕೆಟ್ಟಿಲ್ಲವ್ವ. ಕಟ್ಟೂದ ಬದಲಿ ಮಾಡೇನಿ.”
“ಹಂಗಾರ ಮೊದಲ ನಾಕ ಮೊಳ ಅರಿವಿ ಕೆಡತೈತಿ ಬಿಡು.”
ಅಂದು ಹೊಳ್ಳಿ ಹೋದಳು,
ಸೊಳ್ಳಿ ಬತ್ತಿ ಕೇಳಾಕ ಬಂದಾಕಿ ಅದನ್ನ ಮರತು.

ನಾಕ ಮೊಳ ಅಲ್ಲ, ನಾಕ ತಿಂಗಳ ಕೆಟ್ಟಿತು.
ಅಣ್ಣಿಗೇರಿ ಆರತಕ್ಷತೆಯೊಳಗ ಬಿರಡಿ ಏರಸೋದು ಮರತು
ಮೊದಲ ಹೊಡತಕ್ಕ ವರನ ಕಾಕಾ ಹೊಳ್ಳಿ ನೋಡಿದ,
ಕೀಬೋರ್ಡಿನ ಫಕೀರೇಶ ಹುಬ್ಬಿಲೆ ಬೈದ,
ಐನೂರು ಕಡಿದ ಕೊಟ್ಟರು.
ಕಡೀ ಬಸ್ಸಿನ್ಯಾಗ ಕಿಡಕಿಗೆ ಹಣಿ ಹಚ್ಚಿ
ಒಬ್ಬನ ನಗಾಕ ಹತ್ತಿದೆ. ಕಂಡಕ್ಟರ ಚಿಲ್ಲರೆ ಎಣಸೋದು ಬಿಟ್ಟ.
ಇಪ್ಪತ್ತೆರಡು ವರ್ಷದಾಗ ಅವತ್ತ ಮೊದಲ
ಬಾರಿಸೂವಾಗ ನಾ ಪೂರಾ ಎಚ್ಚರ ಇದ್ದೆ.

ಈಗ ಜಿ ತಂತೀನೂ ಅರ್ಧ ಇಳಸತೇನಿ.
ಮಧ್ಯಮ ಹೋಗಿ ಗಾಂಧಾರ ಬರತೈತಿ,
ಮಬ್ಬಿನ ಕ್ವಾಣ್ಯಾಗ ಬೆಳಕಿಂಡಿ ತಗದಂಗ.
ಗೌರವ್ವನ ಮೊಮ್ಮಗಳು ನೀಲಿ
ಮುರಿದ ಮಗ್ಗದ ಉಕ್ಕಿನ ಕೊಳವಿ ತಂದು
ತಂತಿ ಮ್ಯಾಲ ಜಾರಸತಾಳ. ಆರೂ ಕೂಡಿ ಏರತಾವ,
ಕೂಡಿ ಇಳಿತಾವ, ಒಂದೂ ಜಗಳಿಲ್ಲ.
ಎಫ್ಫಿಗೆ ನಾ ಎರಡು ವರ್ಷ ಬೆರಳ ಕೊಯ್ಕೊಂಡಾಂವ.
ಹೊಟ್ಟಿಕಿಚ್ಚ ಬಂತು, ಸುಳ್ಳ ಯಾಕ.

ಕರೆಂಟ್ ಬಂತು. ಮಗ್ಗ ಎದ್ದವು.
ಆ ಗದ್ದಲದಾಗ ನಮ್ಮ ಸಪ್ಪಳ ನಮಗ ಕೇಳವಲ್ದು,
ಎದಿಗೆ ಹಚಗೊಂಡ ಕಟಗಿ ಮಾತ್ರ ನಡಗತೈತಿ.
ನಾಳೆ ಹುಲಕೋಟಿ ಮದಿವಿ, ಬಿರಡಿ ಏರಸಬೇಕು.
ನೀಲಿ ಕೊಳವಿ ಕೊಡವಲ್ಲಳು.
ಇರಲಿ. ಇನ್ನ ಹೊತ್ತೈತಿ.