ಹದಿನಾರು ಗಜ

ಬೀಗದ ಕೈ ನನ್ನ ಅಂಗೈಗೆ ಹಾಕಿ
'ಶೆಡ್ಡಿನಲ್ಲಿರುವುದೆಲ್ಲ ಇನ್ನು ನಿನ್ನದು' ಎಂದು
ಕಾರು ಹತ್ತಿ ಹೋದಳು ಕೋಚ್ ಕ್ಲೈನ್‌ಫೆಲ್ಟರ್.
ಮೂವತ್ತೇಳು ಸೀಸನ್ನಿಗೆ
ಇಷ್ಟೇ ಬೀಳ್ಕೊಡುಗೆ.

ಒಳಗೆ ತುಕ್ಕು ಹಿಡಿದ ಸುಣ್ಣದ ಗಾಡಿ,
ಟೇಪು ಸುತ್ತಿದ ಮುರುಕು ಸ್ಟಿಕ್ಕು,
ನಾನು ಕಟ್ಟುತ್ತಿದ್ದ ಗೋಲಿಯ ಪ್ಯಾಡು
(ಇಲಿಯ ಸಂಸಾರ ಬಂದು ಹೋಗಿದೆ)
ಮೊಳೆಗೆ ತೂಗಿದ ಹಳದಿ ನೈಲಾನ್ ಹಗ್ಗ.
ಒಂದು ಕಾಲಕ್ಕೆ ಅವಳಮ್ಮನ ಹಿತ್ತಲಲ್ಲಿ
ಬಟ್ಟೆ ಹೊತ್ತದ್ದು.

ಎಪ್ಪತ್ತನಾಲ್ಕರಲ್ಲಿ ಕಾಲೇಜು ಅವಳನ್ನು ಕರೆದದ್ದು
ಟೈಪಿಂಗ್ ಕಲಿಸಲಿಕ್ಕೆ.
ಹಾಕಿ, ಆ ಸಂಬಳದ ಮೇಲಿನ ಕೊಸರು.
ಹುಡುಗರ ಫುಟ್‌ಬಾಲಿಗೆ ದೀಪ, ಗ್ಯಾಲರಿ, ಬ್ಯಾಂಡು;
ನಮಗೆ ಡೈರಿಯ ಹಿಂದಿನ ಇಳಿಜಾರು.
ಬಿಟ್ಟ ಚೆಂಡು ತನ್ನಷ್ಟಕ್ಕೆ
ಸಸ್ಕ್ವೆಹಾನಾ ನದಿಯ ಕಡೆ ಹೊರಡುತ್ತಿತ್ತು.
'ಇಳಿಜಾರು ನಮ್ಮ ಹನ್ನೆರಡನೆಯವಳು,' ಅನ್ನುತ್ತಿದ್ದಳು,
'ಊಟ ಕೇಳುವುದಿಲ್ಲ, ಪಾಸು ತಪ್ಪಿಸುವುದಿಲ್ಲ.'

ಶನಿವಾರ ನಸುಕಿನಲ್ಲಿ ಒಬ್ಬಳೇ
ಗೋಲಿನ ಕಂಬಕ್ಕೆ ಹಗ್ಗ ಕಟ್ಟಿ
ಇನ್ನೊಂದು ತುದಿಗೆ ಸುಣ್ಣದ ಗಾಡಿ ಬಿಗಿದು
ಕಾಲು ಸುತ್ತಿಗೇ ಬಿಡುಗಡೆಯಾದ ಗಾಣದೆತ್ತಿನ ಹಾಗೆ
ಬಾಗಿ ನಡೆಯುತ್ತಿದ್ದಳು.
ಹದಿನಾರು ಗಜ.
ಆ ಗೆರೆಯೊಳಗಿಂದ ಹೊಡೆದರೆ ಗೋಲು,
ಹೊರಗಿಂದ ಹೊಡೆದರೆ ಬರೀ ಸದ್ದು.

ಕಾಕಂಬಿಯ ಪೈ ಮಾರಿ ಸ್ಟಿಕ್ಕು ಕೊಂಡಳು.
ಮಂಜಿನಲ್ಲಿ ವ್ಯಾನು ಓಡಿಸಿದಳು.
ಮಧ್ಯಂತರಕ್ಕೆ ಕಿತ್ತಳೆ ಹಂಚಿ, ಸಿಪ್ಪೆ ಎಣಿಸಿ,
ತಿನ್ನದವಳು ಯಾರೆಂದು ಪತ್ತೆಹಚ್ಚಿ
ವಾಪಸು ದಾರಿಯಲ್ಲಿ ಅವಳನ್ನೇ ಮುಂದಿನ ಸೀಟಿಗೆ ಕರೆಯುತ್ತಿದ್ದಳು,
ನಕ್ಷೆ ಹಿಡಿಯಲಿಕ್ಕೆ ಅನ್ನುವ ನೆಪ.
ಹೊಗಳಿದ್ದು ಅಪರೂಪ. ನಾಲ್ಕು ವರ್ಷದಲ್ಲಿ ನನಗೆ ಸಿಕ್ಕಿದ್ದು
ಒಂದೇ ಸಾಲು:
'ಡಾರ್ಲಾ, ನಿನ್ನ ಎಡಗಾಲು ಪ್ರಾಮಾಣಿಕ.'

ಎಂಬತ್ತಾರರ ನವೆಂಬರ್. ಸೆಮಿಫೈನಲ್.
ಎರಡು ನಿಮಿಷ ಬಾಕಿ.
ಅವರ ಉದ್ದ ಜಡೆಯವಳು
ಗೆರೆಯ ಮೇಲಿಂದ, ಗೆರೆಯ ಹೊರ ಅಂಚಿನಿಂದ ಬೀಸಿದಳು.
ಪ್ರಾಮಾಣಿಕ ಎಡಗಾಲು ಹೊರಟಿತು, ತಡವಾಗಿ.
ಹಿಂದಿನ ಹಲಗೆಗೆ ಚೆಂಡು ಬಡಿದದ್ದು
ಇವತ್ತಿಗೂ ಯಾರದೋ ಬಾಗಿಲು ಧಡ್ಡೆಂದರೆ
ಮೊಣಕಾಲಿಗೆ ಕೇಳಿಸುತ್ತದೆ.

ಶೆಡ್ಡಿನ ಮೂಲೆಯ ಪೆಟ್ಟಿಗೆಯಲ್ಲಿ ನೋಟ್‌ಬುಕ್ಕುಗಳು,
ಸೀಸನ್ನಿಗೊಂದು.
ಯಾವುದರಲ್ಲೂ ಸ್ಕೋರಿಲ್ಲ.
'ಹುಲ್ಲು ಒದ್ದೆ. ಸುಣ್ಣ ತರಬೇಕು.'
'ವಿಲ್ಮಾ ಅತ್ತಳು. ಹಲ್ಲುನೋವಂತೆ. ಅಲ್ಲ.'
ಎಂಬತ್ತಾರರದ್ದನ್ನು ಬೇಕೆಂದೇ ಕೊನೆಗೆ ತೆರೆದೆ:
'ರಾತ್ರಿ ಟಾರ್ಚು ಹಿಡಿದು ಉಕ್ಕಿನ ಟೇಪಿನಲ್ಲಿ ಅಳೆದೆ.
ನಾಲ್ಕು ಬೆರಳು ಹೆಚ್ಚು. ಹಗ್ಗ ಹಿಗ್ಗಿದೆ.
ಅದು ಗೋಲಲ್ಲ.
ಡಾರ್ಲಾಗೆ ಹೇಳಬೇಕು.'

ಮರುವಾರ: 'ಕಿತ್ತಳೆ. ಬ್ಯಾಂಡೇಜು. ಡಾರ್ಲಾಗೆ ಹೇಳಬೇಕು.'
ತೊಂಬತ್ತೊಂದರಲ್ಲಿ, ವ್ಯಾನಿನ ಟೈರಿನ ಲೆಕ್ಕದ ಕೆಳಗೆ.
ಇಳಿಜಾರು ಸಪಾಟು ಮಾಡಿ ಪ್ಲಾಸ್ಟಿಕ್ ಹುಲ್ಲು ಹಾಸಿದ ವರ್ಷ,
ಬೆಳೆಯದ ಹುಲ್ಲಿಗೆ ನೀರು ಹಾಯಿಸುವ ವೇಳಾಪಟ್ಟಿಯ ಬದಿಗೆ.
ಈ ಸಲದ ಕೊನೆಯ ಪುಟದಲ್ಲೂ, ನಡುಗುವ ಕೈಬರಹದಲ್ಲಿ.

ಸಿಟ್ಟು ಬರಲಿ ಎಂದು ಕಾದೆ.
ಇಪ್ಪತ್ತೈದು ವರ್ಷ ಹೊತ್ತ ಗೋಲನ್ನು
ಎಲ್ಲಿ ಇಳಿಸುವುದೋ ತಿಳಿಯದೆ
ಹಗ್ಗ ತೆಗೆದುಕೊಂಡು ಮೈದಾನಕ್ಕೆ ಹೋದೆ.
ಗೆರೆಗಳೆಲ್ಲ ಈಗ ಕಾರ್ಖಾನೆಯಲ್ಲೇ ನೇಯ್ದು ಬರುತ್ತವೆ.
ಕಂಬಕ್ಕೆ ಕಟ್ಟಿ, ಎಳೆದು, ಮಂಡಿಯೂರಿ
ಬಿಳಿ ಗೆರೆಯಾಚೆ ಬೆರಳಿಟ್ಟು ಎಣಿಸಿದೆ.

ಫೋನು ಒಂದೇ ರಿಂಗಿಗೆ ಎತ್ತಿದಳು.
ಹಲೋ ಇಲ್ಲ.
'ಅಳೆದೆಯಾ?'
'ಐದು ಬೆರಳು, ಕೋಚ್. ನಾಲ್ಕಲ್ಲ.'
ಆ ಕಡೆ ನಲ್ಲಿಯ ನೀರು ಸುರಿಯುತ್ತಿತ್ತು.
ನಿಲ್ಲಿಸಿದಳು.
'ಜಗ್ಗಿ ಹಿಡಿದಿರುತ್ತೀ,' ಅಂದಳು,
'ಸ್ವಲ್ಪ ಸಡಿಲ ಬಿಟ್ಟು ಅಳೆ.'