ತುಕ್ಕಿನ ಕೈ

ಕಾಮಾ ನದಿ ಕಲ್ಲಾಗಿದೆ, ಅದರ ಮೇಲೆ ಲಾರಿ ಓಡುತ್ತಿದೆ.
ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಗಡಿಯಾರ ಕಾರ್ಖಾನೆಯ ಮೂರನೇ ಸಾಲಲ್ಲಿ
ನನ್ನ ಅಂಗೈ ಮಾತ್ರ
ಹೋಳು ಮಾಡಿಟ್ಟ ಕಲ್ಲಂಗಡಿಯಂತೆ ಒಸರುತ್ತದೆ.

ಶುಕ್ರವಾರ ಮುಟ್ಟಿದ ಹಲ್ಲುಚಕ್ರ ಸೋಮವಾರಕ್ಕೆ ಕೆಂಪು.
ಮೇಸ್ತ್ರಿ ಫಾನಿಸ್ ಕಣ್ಣಿನ ಮಸೂರ ತೆಗೆಯದೆಯೇ ಅಂದ:
"ಮುನೀರಾ, ನಿನ್ನದು ತುಕ್ಕಿನ ಕೈ."
ಬೈಗುಳವಲ್ಲ, ಕಸುಬಿನ ಮಾತು.
ಸಾಲಿಗೊಬ್ಬರು ಇರುತ್ತಾರಂತೆ ಇಂಥವರು.

ಬೆವರು ಸುರಿಸಿ ಉಂಡವರಿಗೆ ಮರ್ಯಾದೆ.
ನಾನೇನು ಮೂಟೆ ಹೊತ್ತೆನೆ?
ಕೂತಲ್ಲೇ, ಚಿಮಟದ ತುದಿಯಲ್ಲಿ ಕೂದಲಿನಂಥ ಸ್ಪ್ರಿಂಗು ಹಿಡಿದು.
ಯಾರಾದರೂ ಕೈ ಚಾಚಿದರೆ ಸಾಕು,
ಚಾಚಿಯಾರು ಅಂದುಕೊಂಡರೂ ಸಾಕು.
ಬೇರೆಯವರು ಕೈಕೊಟ್ಟು ಓಡಿಹೋಗುತ್ತಾರೆ,
ನಾನು ಕೈ ಕೊಡಲಾರದೆ ಓಡಿದವಳು:
ಮದುವೆಮನೆಯಲ್ಲಿ ಇಲ್ಗೀಜ್ ಕುಣಿಯಲು ಕರೆದಾಗ
ಕೋಟು ಹುಡುಕುವ ನೆಪದಲ್ಲಿ
ಒಂದು ಗಂಟೆ ಕೋಟುಗಳ ನಡುವೆ ನಿಂತಿದ್ದೆ.

ಡಾಕ್ಟರಮ್ಮ ಕೇಳಿದಳು: ನಿದ್ದೆಯಲ್ಲಿ?
ನನಗೇನು ಗೊತ್ತು, ನಿದ್ದೆಯಲ್ಲಿ ನಾನಿರುವುದಿಲ್ಲವಲ್ಲ.
ಅಮ್ಮ ಹೇಳಿದಳು, "ಹೊದಿಕೆ ಎಳೆಯುವಾಗ ಮುಟ್ಟಿದ್ದೇನೆ,
ಹಿಟ್ಟು ಸವರಿದ ಹಾಗೆ ಒಣಗಿರುತ್ತದೆ."
ಹಾಗಾದರೆ ಇದು ಎಳವೆಯಿಂದ ಬಂದದ್ದು,
ಎರಡೂ ಕೈ, ಎರಡೂ ಪಾದ, ಹಗಲಿಗಷ್ಟೇ ಸೇರಿದ್ದು.
ಬೆಂಕಿಯೇ ಇಲ್ಲದೆ ನರ ಗಂಟೆ ಬಾರಿಸುತ್ತದೆ.
ಎರಡು ತಟ್ಟೆ ನಲ್ಲಿನೀರು, ಸಣ್ಣ ಕರೆಂಟು,
ವಾರಕ್ಕೆ ಮೂರು ದಿನ ಕೈ ಅದ್ದಿ ಕೂರು, ಅಂದಳು.
ನೀರಿಗೆ ನೀರೇ ಮದ್ದು!

ಬಾಗಿಲಲ್ಲಿ ನಿಂತು ಸುಮ್ಮನೆ ಅಂದೆ:
ಅಮ್ಮನದು ಇನ್ನೊಂದು ಥರ.
ಈ ಚಳಿಗಾಲ ನಡುರಾತ್ರಿ ಎದ್ದು
ಹಾಸಿಗೆಯ ಬಟ್ಟೆಯನ್ನೇ ಹಿಂಡುತ್ತಾಳೆ,
ವಯಸ್ಸು ಎಂದು ನಗುತ್ತಾಳೆ, ಪಾವಾಡೆ ಸಡಿಲವಾಗಿದೆ.
ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.
"ನಿನ್ನದು ನೀನೇ. ಅವಳದು ಯಾರೋ ಒಳಗಿಂದ
ಬರೆಯುತ್ತಿರುವ ಕಾಗದ. ನಾಳೆಯೇ ಕರೆದುಕೊಂಡು ಬಾ."

ಇಂದು ಪಡಸಾಲೆಯ ಬೆಂಚಿನಲ್ಲಿ ಮೂವರು.
ಪಕ್ಕದ ಮುದುಕ ಉಪ್ಪುಸೌತೆ ಕಚ್ಚಿದ;
ಎಡಗೆನ್ನೆ ಮಾತ್ರ ಬೆವರಿತು, ಹಳೆಯ ಆಪರೇಷನ್ನಿನ ಗುರುತು.
ಅವನು ಕರವಸ್ತ್ರ ತೆಗೆಯುವ ಗೋಜಿಗೇ ಹೋಗಲಿಲ್ಲ.

ಅಮ್ಮನ ರಕ್ತ ಒಳಗೆ ಹೋಗಿದೆ. ಉತ್ತರ ಬಂದಿಲ್ಲ.
ಅವಳೇ ನನ್ನ ಕೈ ಹುಡುಕಿ ಹಿಡಿದಳು.
ಒದ್ದೆ ಯಾರದೆಂದು ಇಬ್ಬರೂ ಕೇಳಲಿಲ್ಲ.

ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದೆ.
ನಮ್ಮ ಕಾರ್ಖಾನೆಯದೇ.
ಇಳಿಸಿ, ಬಿಚ್ಚಿ ನೋಡಬೇಕೆನಿಸಿತು
ನಾನು ಮುಟ್ಟಿದ್ದೋ ಏನೋ ಎಂದು.