ಮಾತಾಡಬಾರದ ಕೆಲಸ

ಮೇ ತಿಂಗಳು. ಗ್ರಿಮ್ಸ್‌ಬಿಯ ಶಾಲೆಯೊಂದರ ವ್ಯಾಯಾಮದ ಹಾಲಿನಲ್ಲಿ
ನೂರಾ ನಲವತ್ತು ಮೇಜು, ನಡುನಡುವೆ ಮಾರುದ್ದ ನೆಲ.
ಬಾಸ್ಕೆಟ್‌ಬಾಲಿನ ಬಳೆಗಳನ್ನು ಮೇಲಕ್ಕೆ ಮಡಚಿ ಕಟ್ಟಿದ್ದಾರೆ.
ತಗಡಿನ ಸೂರಿನ ಮೇಲೆ ಕಡಲಹಕ್ಕಿಗಳ ಜಗಳ.
ಅವಕ್ಕೆ ಯಾರೂ ಸುಮ್ಮನಿರಿ ಅನ್ನುವುದಿಲ್ಲ.

ನನ್ನದು ಮಾತಾಡಬಾರದ ಕೆಲಸ.
ಸಪ್ಪಳವಾಗದ ಬೂಟು ಹಾಕಬೇಕು. ಬಳೆ ಬೇಡ ಅಂದರು,
ಬಿಚ್ಚಿ ಕೈಚೀಲದಲ್ಲಿಟ್ಟೆ.
ಹೆಚ್ಚುವರಿ ಹಾಳೆ ಕೊಡಬಹುದು,
ನೆಗಡಿಯವರಿಗೆ ಟಿಶ್ಯೂ ಕೊಡಬಹುದು,
ಕೈ ಎತ್ತಿದವರ ಹತ್ತಿರ ಹೋಗಿ ಬಗ್ಗಬಹುದು.
ಪ್ರಶ್ನೆ ಬಿಡಿಸಿ ಹೇಳಬಾರದು. ತಲೆ ಆಡಿಸಬಾರದು.
ಮುಖದಲ್ಲಿ ಏನೂ ಕಾಣಿಸಬಾರದು.
ಈ ಕೊನೆಯದು ನಿಯಮದಲ್ಲಿಲ್ಲ, ನಾನೇ ಕಲಿತದ್ದು.

ಆರು ವರ್ಷ ಸಾಲುಗಳ ನಡುವೆ ನಡೆದೂ ನಡೆದೂ
ಈಗ ಹಿಂದಿನಿಂದ ಕತ್ತು ನೋಡಿಯೇ ಹೇಳಬಲ್ಲೆ
ಯಾರು ಓದಿ ಬಂದವರು,
ಯಾರು ಪುಸ್ತಕದ ತುಂಬ ಹಳದಿ ಬಳಿದು
ಬಳಿದದ್ದೆಲ್ಲ ತಲೆಗೆ ಹೋಯಿತೆಂದು ಮಲಗಿದವರು.

ಗದಗಿನಲ್ಲಿ ಬಸಲಿಂಗಮ್ಮ ಟೀಚರು ಹೇಳುತ್ತಿದ್ದರು:
"ಪೇಪರ್ ಕೈಗೆ ಬಂದ ಕೂಡ್ಲೇ ಪೆನ್ನು ಮುಟ್ಟಬ್ಯಾಡ.
ಮೊರದಾಗ ಅಕ್ಕಿ ಹರವಿದಂಗ ಕಣ್ಣಾಗ ಹರವು.
ಕಲ್ಲು ಎಲ್ಲೆಲ್ಲಿ ಅದಾವ ನೋಡ್ಕೋ.
ಆಮ್ಯಾಲೆ ಒಲಿ ಹಚ್ಚು."
ಹರವಿದೆ. ಹರವಿ ಕಲ್ಲನ್ನೇ ಎಣಿಸುತ್ತ ಕೂತೆ.
ಆ ವರ್ಷ ಗಣಿತಕ್ಕೆ ಮೂವತ್ತೊಂದು ಬಂತು.
ಪಾಸಿಗೆ ಮೂವತ್ತೈದು.
ಆ ನಾಲ್ಕು ಅಂಕ ಇನ್ನೂ ನನ್ನ ಕೂಡ ಸಮುದ್ರ ದಾಟಿ ಬಂದು
ಇಲ್ಲೇ ಎಲ್ಲೋ ಸಾಲಿನಲ್ಲಿ ಕೂತಿವೆ.

ನಾಲ್ಕನೇ ಸಾಲಿನ ಆಗ್ನ್ಯೆ. ಅವಳಮ್ಮ ಮೀನಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಬಸ್‌ಸ್ಟಾಪಿನಲ್ಲಿ ನೋಡಿದ್ದೇನೆ:
ಪುಸ್ತಕ ಮುಚ್ಚುತ್ತಾಳೆ, ತುಟಿಯಲ್ಲೇ ಹೇಳಿಕೊಳ್ಳುತ್ತಾಳೆ,
ತಡೆದಲ್ಲಿ ಮಾತ್ರ ತೆರೆದು ಇಣುಕುತ್ತಾಳೆ,
ಒಲೆಯ ಮೇಲಿನ ಮುಚ್ಚಳ ಎತ್ತಿ ನೋಡಿದ ಹಾಗೆ.
ಇವತ್ತು ಪುಟದ ಮೂಲೆಗೆ ಸಣ್ಣಗೆ ಬರೆದಳು: ೨೨ ನಿಮಿಷ.
ಅವಳ ಚಿಂತೆ ನನಗಿಲ್ಲ.

ಆರನೇ ಸಾಲಿನ ಡೆಸ್ಮಂಡನ ಚಿಂತೆ.
ಭೂಗೋಳ. ಕಡಲ ಕೊರೆತದ ಮೇಲೆ ಒಂದು ಪ್ರಶ್ನೆ, ಆರು ಅಂಕ.
ಅವನ ಅಜ್ಜ ಮೀನುದೋಣಿಯವನು;
ಹುಡುಗನಿಗೆ ಕಡಲು ಗೊತ್ತು, ಅದೇ ತೊಂದರೆ.
ಅರ್ಧ ತಾಸಾಗುವಷ್ಟರಲ್ಲಿ ಕೈ ಎತ್ತಿದ: ಮಿಸ್, ಇನ್ನೊಂದು ಹಾಳೆ.
ಕೊಟ್ಟೆ. ಮತ್ತೆ ಎತ್ತಿದ. ಮತ್ತೆ ಕೊಟ್ಟೆ.
ಕೆಳಗೆ ಒಂಬತ್ತು ಪ್ರಶ್ನೆ ಬಾಯಿ ತೆರೆದು ಕೂತಿವೆ,
ಇವನು ಬಂಡೆಯೊಂದನ್ನೇ ಅಲೆ ಅಲೆಯಾಗಿ
ಕೊರೆಯುತ್ತ, ಕೊರೆಯುತ್ತ.

ಸಾಕು ಮಗನೇ, ಮುಂದಿನದಕ್ಕೆ ಹೋಗು.
ಇಷ್ಟೇ. ಮೂರು ನಾಲ್ಕು ಮಾತು.
ನಾಲಿಗೆಯ ಮೇಲೆ ಬಿಸಿ ಬೆಲ್ಲದ ಪಾಕದ ಹಾಗೆ,
ನುಂಗಲೂ ಆಗದು, ಉಗುಳಲೂ ಆಗದು.

ಗಡಿಯಾರದ ಪಕ್ಕದ ಬಿಳಿ ಹಲಗೆಗೆ ಹೋದೆ.
ಉಳಿದ ಸಮಯ ಬರೆಯುವುದು ನನ್ನ ಕೆಲಸವೇ.
ಮಾರ್ಕರ್ ಒತ್ತಿ ಹಿಡಿದೆ,
ಬೇಕೆಂದೇ, ಕಿರ್ರೆನ್ನುವ ಹಾಗೆ:
೪೦ ನಿಮಿಷ.
ಸೊನ್ನೆಯನ್ನು ಎರಡು ಸಲ ತಿದ್ದಿದೆ.

ಹತ್ತಾರು ತಲೆ ಎದ್ದವು. ಅವನದೂ ಎದ್ದಿತು.
ಹಲಗೆ ನೋಡಿದ, ನನ್ನನ್ನು ನೋಡಿದ,
ನನ್ನ ಮುಖದಲ್ಲಿ ಏನೂ ಇರಲಿಲ್ಲ, ದೇವರಾಣೆ.
ಗೀಟು ಎಳೆದ. ಪುಟ ತಿರುವಿದ.

ಇದು ನಿಯಮ ಮೀರಿದ್ದೋ ಇಲ್ಲವೋ
ಯಾರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ.

ಪೆನ್ನು ಕೆಳಗಿಡಿ ಅಂದಾಗ
ಎಂಟನೆಯದರ ನಡುವೆ ಇದ್ದ.
ಸಾಲಿನ ಪ್ರಕಾರ ಉತ್ತರಪತ್ರಿಕೆ ಎತ್ತುತ್ತ ಬಂದೆ.
ಅವನ ಕೊನೆಯ ಪದ, ಮಸಿ ಇನ್ನೂ ಹಸಿ:
"ಆದ್ದರಿಂದ"
ಮುಂದೆ ಬರೀ ಗೆರೆಗಳು.

ಬಸ್ಸಿನಲ್ಲಿ ಬಳೆ ತೊಟ್ಟುಕೊಂಡೆ.
ಮುಂದಿನ ಸೀಟಿನ ಮುದುಕ ತಿರುಗಿ ನೋಡುವಷ್ಟು
ಸಪ್ಪಳ ಮಾಡಿದವು.